[ಪದಚರ್ಚೆ] ‘ಒಟ್ಸುನ್’, ‘ಒಟ್‌ಪ್ಲತ’: 1945ರ ಚೆಕ್ ನೆಲದ ಜರ್ಮನರ ಭೂಪಟಕ್ಕೆ ಕನ್ನಡ ಪದ ಬೇಕು (ತುರ್ತು)

ನಮಸ್ಕಾರ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಜರ್ಮನರಿಗೆ ಏನಾಯಿತೆಂದು ತೋರಿಸುವ ಭೂಪಟವೊಂದನ್ನು ಕನ್ನಡಕ್ಕೆ ತರಬೇಕಿದೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಮೂರು ಕಡೆ ಕೈ ನಿಂತಿದೆ.

ಗಡಿಯ ಕಡೆ ಹೋಗುವ ಬಾಣಗಳ ಮೇಲೆ ಮೂಲದಲ್ಲಿ ‘ದಿವೊಕೀ ಒಟ್ಸುನ್’ ಎಂದಿದೆ. 1945ರ ಮೇಯಿಂದ ಬೇಸಿಗೆ ಮುಗಿಯುವವರೆಗೆ ಆರರಿಂದ ಎಂಟು ಲಕ್ಷ ಜನರನ್ನು ಗಡಿಯಾಚೆ ದಾಟಿಸಿದ್ದು. ‘ಅನಧಿಕೃತ ಗಡೀಪಾರು’ ಎಂದು ಹಾಕಿದ್ದೇನೆ. ಬಾಣದ ಮೇಲೆ ಹನ್ನೆರಡು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅಡಿಟಿಪ್ಪಣಿಯಲ್ಲಿ 1946ರ ಮೇ 8ರ 115ನೇ ಕಾನೂನು ಬರುತ್ತದೆ. 1938ರ ಸೆಪ್ಟೆಂಬರ್ 30ರಿಂದ 1945ರ ಅಕ್ಟೋಬರ್ 28ರವರೆಗಿನ ಕೃತ್ಯವೊಂದು, ನೆಲ ಆಕ್ರಮಿಸಿದವರೂ ಅವರ ಕೈಯಾಳುಗಳೂ ಮಾಡಿದ್ದಕ್ಕೆ ‘ಸ್ಪ್ರವೆದ್ಲಿವಾ ಒಟ್‌ಪ್ಲತ’ ಆಗಿದ್ದರೆ ಅದು ಅಪರಾಧವಲ್ಲ ಎನ್ನುತ್ತದೆ ಆ ಕಾನೂನು. ‘ನ್ಯಾಯವಾದ ಪ್ರತೀಕಾರ’ ಸರಿಯೆ? ತಲೆಬರಹ ಸದ್ಯಕ್ಕೆ ‘ಜರ್ಮನ್ ನಾಗರಿಕರ ಮೇಲೆ ಸೇಡು’.

———

ಮರು:

ಗಡೀಪಾರು ಖಂಡಿತ ಬೇಡ. ಗಡೀಪಾರಿಗೆ ಒಬ್ಬನ ಹೆಸರು ಬೇಕು, ಅವಧಿ ಬೇಕು, ಅಧಿಕಾರಿಯ ರುಜು ಬೇಕು. ಅದಕ್ಕೆ ‘ಅನಧಿಕೃತ’ ಅಂಟಿಸಿದರೆ ಪದ ತನ್ನ ಕಾಲನ್ನೇ ಕಡಿದುಕೊಳ್ಳುತ್ತದೆ. ‘ಹದ್ದುಪಾರಿ’ನ ಅರಬ್ಬೀ ಹದ್ದನ್ನು ಕಿತ್ತು ಗಡಿ ನೆಟ್ಟ ಮಾತ್ರಕ್ಕೆ ಅದು ಒಳ್ಳೆಯ ಕನ್ನಡವೂ ಆಗುವುದಿಲ್ಲ.

‘ಒಕ್ಕಲೆಬ್ಬಿಸಿದ್ದು’ ಎನ್ನಿ. ಒಕ್ಕಲು ಎಂದರೆ ಬೇರುಬಿಟ್ಟು ನೆಲೆಸಿರುವುದು. ಹೊಸ ಮನೆ ಹೊಗುವುದನ್ನು ಇವತ್ತಿಗೂ ‘ಮನೆಯೊಕ್ಕಲು’ ಎನ್ನುತ್ತಾರೆ. ಇಷ್ಟು ಚೆನ್ನಾದ ಪದ ಇಟ್ಟುಕೊಂಡು ಸಾಲಕ್ಕೆ ಯಾಕೆ ಹೋಗಬೇಕು?

———

ಮರು:

> ‘ಒಕ್ಕಲೆಬ್ಬಿಸಿದ್ದು’ ಎನ್ನಿ.

ಬೇಡ. ಮನೆಯೊಕ್ಕಲು ಇರಲಿ, ‘ಒಕ್ಕಲೆಬ್ಬಿಸು’ ಎಂದಾಗ ಓದುಗರ ಕಣ್ಣಿಗೆ ಬರುವುದು ಗೇಣಿದಾರ, ಇಲ್ಲವೇ ಅರಣ್ಯ ಒತ್ತುವರಿ. ಜಮೀನು ಬೇರೆಯವರದು, ಇವನು ಕೂತಿದ್ದ, ಎಬ್ಬಿಸಿದರು ಎಂಬ ಅರ್ಥ ಹೊಳೆಯುತ್ತದೆ. ಸುಡೆಟನ್ ಜರ್ಮನರು ಅಲ್ಲಿ ನೂರಾರು ವರ್ಷಗಳಿಂದ ಇದ್ದವರು, ಮನೆಗಳು ಅವರ ಸ್ವಂತದವು. ಅವನ್ನು ಕಿತ್ತುಕೊಳ್ಳುವುದಕ್ಕೆಂದೇ 1945ರ ಅಕ್ಟೋಬರ್ 25ರಂದು 108ನೇ ಡಿಕ್ರಿ (ದೇಶದ ಅಧ್ಯಕ್ಷರ ಆಜ್ಞೆ) ಹೊರಡಿಸಬೇಕಾಯಿತು. ಒಕ್ಕಲೆಬ್ಬಿಸುವ ಪದ ಹಾಕಿದರೆ ಆ ಡಿಕ್ರಿಯ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.

ಬೇರೆ ಬೇರೆ ಜನ ಏನು ಕರೆಯುತ್ತಾರೆ ನೋಡಿ. ಚೆಕ್ಕರ ‘ಒಟ್ಸುನ್’ನಲ್ಲಿ ಇರುವುದು ‘ಆಚೆ’ ಮತ್ತು ‘ಸರಿಸು’: ಮೇಜನ್ನು ಗೋಡೆಯ ಪಕ್ಕಕ್ಕೆ ಸರಿಸಿದ ಹಾಗೆ. ಜರ್ಮನರ ‘ಫೆರ್‌ಟ್ರೈಬುಂಗ್’ನ ಬೇರು ದನ ಹೊಡೆಯುವ, ಅಟ್ಟುವ ಧಾತು. ಯುದ್ಧ ಗೆದ್ದ ಮಿತ್ರರಾಷ್ಟ್ರಗಳು ಮಾಡಿಕೊಂಡ 1945ರ ಆಗಸ್ಟ್ 2ರ ಪಾಟ್ಸ್‌ಡಾಮ್ ಒಪ್ಪಂದದ ಇಂಗ್ಲಿಷ್ ಪದಕ್ಕೆ ಬರೀ ‘ವರ್ಗಾವಣೆ’ ಎಂದರ್ಥ, ಅದೂ ‘ಕ್ರಮಬದ್ಧ, ಮಾನವೀಯ’ ವರ್ಗಾವಣೆ. ಪದ ಆರಿಸಿಕೊಂಡ ಕೂಡಲೇ ಪಕ್ಷವನ್ನೂ ಆರಿಸಿಕೊಂಡಿರುತ್ತೀರಿ.

1997ರ ಚೆಕ್–ಜರ್ಮನ್ ಘೋಷಣೆಯಲ್ಲಿ ಜರ್ಮನ್ ಪಠ್ಯ ‘ಫೆರ್‌ಟ್ರೈಬುಂಗ್’ ಎಂದಿತು. ಚೆಕ್ ಪಠ್ಯ ‘ವಿಹ್ನಾನೀ’ ಎನ್ನದೆ ‘ವಿಹಾನ್ಯೆನೀ’ ಎಂದಿತು. ಒಂದು ಅಟ್ಟಿ ಮುಗಿಸಿದ್ದು, ಇನ್ನೊಂದು ಅಟ್ಟುತ್ತಿದ್ದದ್ದು. ಒಂದು ಪ್ರತ್ಯಯದಲ್ಲಿ ಎರಡು ದೇಶಗಳ ರಾಜಿ ನಿಂತಿದೆ. ಕನ್ನಡದಲ್ಲಿ ‘ಅಟ್ಟು’ ಇದೆ, ‘ಹೊರಗಟ್ಟಿದ್ದು’ ಬಾಣದ ಮೇಲೆ ಹಿಡಿಯುತ್ತದೆ.

———

ಮರು:

ಪ್ರತೀಕಾರದ ಬಗ್ಗೆ ಯಾರೂ ಮಾತಾಡಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಮದ್ದು, ಪರಿಹಾರ ಎಂಬ ಅರ್ಥವೂ ಉಂಟು. ಪದದ ಒಳಗೇ ಸಮರ್ಥನೆ ಕೂತಿದೆ. ಚೆಕ್ ‘ಒಟ್‌ಪ್ಲತ’ ಬಿಡಿಸಿ ನೋಡಿ: ‘ಪ್ಲತ’ ಪಾವತಿ, ‘ಒಟ್’ ಹಿಂದಕ್ಕೆ. ಅಚ್ಚ ಕನ್ನಡದ ‘ಮುಯ್ಯಿ’ ಇದೇ. ಮದುವೆಯಲ್ಲಿ ಮುಯ್ಯಿ ಓದಿಸುತ್ತೇವೆ, ಅವರ ಮನೆಯ ಮದುವೆಗೆ ಮುಯ್ಯಿ ತೀರಿಸುತ್ತೇವೆ. ಹಗೆಗೂ ಅದೇ ಮಾತು. ‘ನ್ಯಾಯವಾದ ಮುಯ್ಯಿ’. ಇದಕ್ಕಿಂತ ನೇರ ಅನುವಾದ ಇಲ್ಲ. ಸಂಸ್ಕೃತದ ಊರುಗೋಲು ಬಿಟ್ಟು ನಡೆಯುವುದನ್ನು ಕಲಿಯೋಣ.

———

ಮರು:

> ಇದಕ್ಕಿಂತ ನೇರ ಅನುವಾದ ಇಲ್ಲ.

ಕಾನೂನಿನ ಪದಕ್ಕೆ ನೇರ, ಒಪ್ಪಿದೆ. ಅದನ್ನು ನಡೆದ ಸಂಗತಿಗೆ ಹಾಯಿಸಬೇಡಿ. ಮುಯ್ಯಿ ಯಾರು ಕೊಟ್ಟರೋ ಅವರಿಗೇ ಹಿಂದಿರುಗಬೇಕು. 1945ರ ಜೂನ್ 18ರ ರಾತ್ರಿ ಪ್ರೆರೊವ್‌ನಲ್ಲಿ ಊರಿಗೆ ಮರಳುತ್ತಿದ್ದ ಸ್ಲೊವಾಕಿಯದ ಜರ್ಮನರನ್ನು ರೈಲಿನಿಂದ ಇಳಿಸಿ ಸೈನಿಕರು ಕೊಂದರು. 265 ಜನ, ಅದರಲ್ಲಿ 120 ಹೆಂಗಸರು, 74 ಮಕ್ಕಳು. ಆ ಮಕ್ಕಳು ಯಾರಿಗೆ ಏನು ಕೊಟ್ಟಿದ್ದರು, ಮುಯ್ಯಿ ತೀರಿಸುವುದಕ್ಕೆ? ಆಜ್ಞೆ ಕೊಟ್ಟ ಅಧಿಕಾರಿಗೆ ಆಮೇಲೆ ಚೆಕೊಸ್ಲೊವಾಕಿಯದ ಸೇನಾ ನ್ಯಾಯಾಲಯವೇ ಶಿಕ್ಷೆ ವಿಧಿಸಿತು. ಕಾನೂನಿನ ಪದ ಎಲ್ಲವನ್ನೂ ಮುಚ್ಚಲಿಲ್ಲ.

ಚೆಕ್‌ನಲ್ಲಿ ‘ಪೊಮ್ಸ್ತ’ ಬೇರೆ, ‘ಒಟ್‌ಪ್ಲತ’ ಬೇರೆ. ಪೊಮ್ಸ್ತ ಸೇಡು. ಸೇಡು ಸಿಟ್ಟನ್ನು ಮಾತ್ರ ಹೇಳುತ್ತದೆ, ಲೆಕ್ಕ ಸರಿಯಾಯಿತು ಎನ್ನುವುದಿಲ್ಲ. ತಲೆಬರಹದಲ್ಲಿ ಸೇಡು ಇರಲಿ, ಕಾನೂನು ಉದ್ಧರಿಸುವಲ್ಲಿ ಮಾತ್ರ ಮುಯ್ಯಿ, ಅದೂ ಉದ್ಧರಣ ಚಿಹ್ನೆಯೊಳಗೆ. ಚಿಹ್ನೆ ಬಿಟ್ಟರೆ ಅದು ನಿಮ್ಮ ತೀರ್ಪಾಗುತ್ತದೆ.

———

ಮರು:

‘ನಾಗರಿಕರು’ ಹಾಗೇ ಉಳಿದುಬಿಟ್ಟಿದೆ. ಕನ್ನಡದಲ್ಲಿ ಪೌರತ್ವ ಇರುವವನೂ ನಾಗರಿಕ, ಸೈನಿಕನಲ್ಲದವನೂ ನಾಗರಿಕ. ಪಾಟ್ಸ್‌ಡಾಮ್ ಮುಗಿದ ದಿನವೇ ಚೆಕೊಸ್ಲೊವಾಕಿಯದ ಅಧ್ಯಕ್ಷ ಬೆನೆಶ್ 33ನೇ ಡಿಕ್ರಿಗೆ ರುಜು ಹಾಕಿ ಈ ಜನರ ಪೌರತ್ವವನ್ನೇ ತೆಗೆದುಹಾಕಿದರು. ‘ಜರ್ಮನ್ ನಾಗರಿಕರು’ ಎಂದರೆ ಇವರು ಜರ್ಮನಿ ದೇಶದ ಪ್ರಜೆಗಳು, ಬಂದಲ್ಲಿಗೆ ಮರಳಿದರು ಎಂದಾಗುತ್ತದೆ. 1918ರವರೆಗೆ ಇವರು ಆಸ್ಟ್ರಿಯದ ಚಕ್ರವರ್ತಿಯ ಪ್ರಜೆಗಳು. ಕಾಸರಗೋಡಿನ ಕನ್ನಡಿಗರನ್ನು ‘ಕರ್ನಾಟಕದವರು’ ಎಂದು ಬರೆದರೆ ಸುಮ್ಮನಿರುತ್ತೀರಾ?

‘ಜನಾಂಗೀಯ ಜರ್ಮನರು’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದೂ ಬೇಡ. ಅಲ್ಲಿ ರಕ್ತ ನೋಡಿದ್ದಲ್ಲ, ಕಾಗದ ನೋಡಿದ್ದು: 1930ರ ಜನಗಣತಿಯಲ್ಲಿ ಜರ್ಮನ್ ಎಂದು ಬರೆಸಿದ್ದರೋ ಇಲ್ಲವೋ. ಹಾಗೆ ಬರೆಸಿ, ನಾಜಿ ಶಿಬಿರಗಳಿಂದ ಬದುಕಿ ಬಂದ ಯೆಹೂದ್ಯರಿಗೂ ಅದರಿಂದ ತೊಂದರೆಯಾಯಿತು. ‘ಜರ್ಮನ್ ಮಾತಿನವರು’ ಎನ್ನಿ.

———

ಮರು:

‘ಯೆಹೂದ್ಯ’, ‘ಡಿಕ್ರಿ’, ‘ಪೌರತ್ವ’, ‘ಜನಗಣತಿ’. ಒಂದು ಪ್ಯಾರಾದಲ್ಲಿ ಎಷ್ಟು ಸಾಲ! ಮುಯ್ಯಿ, ಸೇಡು, ಒಕ್ಕಲು, ಅಟ್ಟು ಎಲ್ಲ ಇರುವ ನುಡಿಗೆ ಇದು ಅವಮಾನ.

———

ಮರು:

‘ಪ್ಯಾರಾ’ ಎಂದವರು ನೀವೇ. ಸಾಲ ಯಾವ ನುಡಿಗೂ ತಪ್ಪಿದ್ದಲ್ಲ. ಚೆಕ್ಕರ ವಿಶೇಷ ಜನತಾ ನ್ಯಾಯಾಲಯಗಳ ಡಿಕ್ರಿಗೆ (1945ರ 16ನೆಯದು) ಅವರೇ ಲ್ಯಾಟಿನ್ ಮೂಲದ ‘ರೆತ್ರಿಬುಚ್ನೀ’ ಎಂಬ ಹೆಸರಿಟ್ಟರು, ಮನೆಯ ‘ಒಟ್‌ಪ್ಲತ’ ಇದ್ದರೂ. ನ್ಯಾಯಾಲಯದ ವಿಚಾರಣೆಗೆ ಎರವಲಿನ ಪದ, ಬೀದಿಯಲ್ಲಿ ಆದದ್ದಕ್ಕೆ ಮನೆಯ ಪದ. ನಾವೂ ಹಾಗೆ ಮಾಡಬಹುದು: ನ್ಯಾಯಾಲಯದ್ದಕ್ಕೆ ‘ದಂಡನೆ’, ಬೀದಿಯದಕ್ಕೆ ‘ಸೇಡು’. ಯಾವುದು ಅಚ್ಚ ಕನ್ನಡ ಎಂಬ ತಕರಾರು ಬೇರೆ ಎಳೆಯಲ್ಲಿ ಇಟ್ಟುಕೊಳ್ಳಿ, ಕೇಳಿದವರಿಗೆ ಶುಕ್ರವಾರದ ಗಡುವಿದೆ.

ಕೇಳಿದವರಿಗೆ ಒಂದು ತಿದ್ದುಪಡಿ. ‘ದಿವೊಕೀ’ ಎಂದರೆ ‘ಕಾಡು’, ‘ಹತೋಟಿ ಇಲ್ಲದ್ದು’. ಅದನ್ನೇ ನಂಬಿ ‘ಅನಧಿಕೃತ’ ಎಂದಿರಿ. ಬ್ರ್ನೋದಲ್ಲಿ ಮೇ 29ರಂದು ಊರಿನ ಆಡಳಿತ ನಡೆಸುತ್ತಿದ್ದ ರಾಷ್ಟ್ರೀಯ ಸಮಿತಿಯೇ ಆದೇಶ ಮಾಡಿತ್ತು. ಮರುದಿನ ರಾತ್ರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರು, ಮಕ್ಕಳು, ಮುದುಕರನ್ನು ಆಸ್ಟ್ರಿಯದ ಕಡೆ ನಡೆಸಿದರು. ಬಹಳ ಜನ ದಾರಿಯ ಪೊಹೊರ್ಜೆಲಿತ್ಸೆಯಲ್ಲೇ ಕುಸಿದರು, ಅಲ್ಲಿನ ಶಿಬಿರದಲ್ಲಿ ಆಮಶಂಕೆ ಹಬ್ಬಿತು. ಅಲ್ಲಿ 890 ಜನರನ್ನು ಹೂಳಿದೆ ಎಂದು ಸ್ಮಾರಕ ಹೇಳುತ್ತದೆ. ಸೈನ್ಯ, ಪೊಲೀಸು, ಸಮಿತಿ ಸೇರಿ ಮಾಡಿದ್ದನ್ನು ‘ಅನಧಿಕೃತ’ ಎಂದರೆ ಮಾಡಿದವರು ಮರೆಗೆ ಹೋಗುತ್ತಾರೆ.

1946ರ ಬಾಣಕ್ಕೆ ಬೇರೆ ಪದ ಬೇಕು. ಜನವರಿಯಿಂದ ಶುರುವಾಗಿ ಸುಮಾರು 22 ಲಕ್ಷ ಜನ, ರೈಲಿನಲ್ಲಿ. ಒಂದು ರೈಲಿಗೆ 40 ಗೂಡ್ಸ್ ಡಬ್ಬಿ, ಡಬ್ಬಿಗೆ 30 ಜನ, ಒಟ್ಟು 1,200. ತಲೆಗೆ ಇಷ್ಟು ಕಿಲೋ ಎಂದು ತೂಗಿದ ಸಾಮಾನು. ಅದು ‘ಸಾಗಹಾಕಿದ್ದು’. ಸಾಗಿಸುವುದೂ ಇದೆ, ತೊಲಗಿಸುವುದೂ ಇದೆ.

———

ಮರು:

ಊಸ್ತಿ ನಾದ್ ಲಾಬೆಮ್ ಪಟದಲ್ಲಿದ್ದರೆ ಅಲ್ಲಿಗೆ ‘ಗಲಭೆ’ ಎಂದು ಬರೆಯಬೇಡಿ. 1945ರ ಜುಲೈ 31ರಂದು ಮದ್ದುಗುಂಡಿನ ಉಗ್ರಾಣ ಸಿಡಿಯಿತು. ಕೂಡಲೇ ಜರ್ಮನರನ್ನು ಹುಡುಕಿ ಕೊಂದರು, ಸೇತುವೆಯಿಂದ ಎಲ್ಬೆ ನದಿಗೆ ಎಸೆದರು. ಗುರುತಿಗೆ ಜರ್ಮನರು ತೋಳಿಗೆ ಕಟ್ಟಿಕೊಳ್ಳಬೇಕಿದ್ದ ಬಿಳಿ ಪಟ್ಟಿ ಸಾಕಾಗಿತ್ತು. ಗಲಭೆಗೆ ಎರಡು ಕಡೆ ಬೇಕು. 2005ರಲ್ಲಿ ಸೇತುವೆಗೆ ಹಾಕಿದ ಫಲಕ ‘ಹಿಂಸೆಗೆ ಬಲಿಯಾದವರ ನೆನಪಿಗೆ’ ಎಂದಷ್ಟೇ ಹೇಳುತ್ತದೆ, ಯಾರು ಸತ್ತರು ಎನ್ನುವುದಿಲ್ಲ. 1947ರಲ್ಲಿ 763 ಜರ್ಮನರ ಶವಗಳನ್ನು ಹೊರತೆಗೆದ ಪೊಸ್ತೊಲೊಪರ್ತಿಯ ಫಲಕ ‘ಘಟನೆಗಳು’ ಎನ್ನುತ್ತದೆ. ಕಲ್ಲಿನ ಮೇಲಿನ ಆ ಸಂಕೋಚವನ್ನು ಕನ್ನಡಕ್ಕೆ ತರಬೇಡಿ. ‘ಕೊಲೆಗಳು’ ಎನ್ನಿ.

———

ಮರು: (ಕೇಳಿದವರಿಂದ)

ಎಲ್ಲರಿಗೂ ಕೃತಜ್ಞತೆ. ಹೀಗೆ ಕಳಿಸುತ್ತಿದ್ದೇನೆ. ತಲೆಬರಹ: ‘ಜರ್ಮನ್ ಮಾತಿನ ಜನರ ಮೇಲೆ ಸೇಡು, 1945’. ಕೆಂಪು ಬಾಣ: ‘ಹೊರಗಟ್ಟಿದ್ದು’. ನೀಲಿ ಬಾಣ: ‘ಸಾಗಹಾಕಿದ್ದು, 1946’. ಪ್ರೆರೊವ್, ಊಸ್ತಿ, ಪೊಸ್ತೊಲೊಪರ್ತಿಗಳ ಗುರುತಿಗೆ ‘ಕೊಲೆಗಳು’. ಟಿಪ್ಪಣಿಯಲ್ಲಿ ಕಾನೂನಿನ ಮಾತಾಗಿ, ಚಿಹ್ನೆಯೊಳಗೆ, ‘ನ್ಯಾಯವಾದ ಮುಯ್ಯಿ’. ‘ಒಟ್ಸುನ್’ ಟಿಪ್ಪಣಿಯಲ್ಲಿ ಒಮ್ಮೆ ಮಾತ್ರ ಬರುತ್ತದೆ, ‘ಆಚೆ ಸರಿಸುವುದು’ ಎಂಬ ಅರ್ಥದ ಜೊತೆ.

———

ಮರು:

ಬ್ರ್ನೋ ಬಾಣವನ್ನು ತೆಂಕಣಕ್ಕೆ ತಿರುಗಿಸಿ. ಕರಡಿನಲ್ಲಿ ಪಡುವಣಕ್ಕಿದೆ.