ಗ್ರಾಹಕರಿಗೆ ಹಣಕಾಸು ಯೋಜನೆ ಮಾಡಿಕೊಡೋದು ಹೇಗೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಹಾಸನದ ಮೇಡಂ ನಮ್ಮ ಜೊತೆ ಇದ್ದಾರೆ. ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆದ ಹೂಡಿಕೆ ಸಲಹೆಗಾರರು. ಮ್ಯೂಚುವಲ್ ಫಂಡ್ ವಿತರಕರು, ವಿಮೆ ಏಜೆಂಟರು, ಈಗ ಕಲಿಯುತ್ತಿರುವವರು ಯಾರು ಬೇಕಾದರೂ ಕೇಳಿ. ಗ್ರಾಹಕರ ಹೆಸರು, ಪ್ಯಾನ್ ನಂಬರ್ ಇಲ್ಲಿ ಹಾಕಬೇಡಿ.

ಅರಸೀಕೆರೆ ಸದಸ್ಯ: ಮೇಡಂ, ಪ್ಲಾನ್ ತಯಾರಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಮೇಡಂ: ಮೊದಲು ಎಕ್ಸೆಲ್‌ನಲ್ಲಿ ಒಂದಷ್ಟು ಮನೆಗಳ ಲೆಕ್ಕ ನೀವೇ ಹಾಕಿ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಗ್ರಾಹಕರು ಕೇಳಿದರೆ ಹೇಳಲು ಬರಬೇಕು. ಸಾಫ್ಟ್‌ವೇರ್ ಆಮೇಲಿನ ಮಾತು.

ಕಡೂರಿನ ಬಿಕಾಂ ವಿದ್ಯಾರ್ಥಿನಿ: ಈ ಕೆಲಸಕ್ಕೆ ಯಾವ ಪರೀಕ್ಷೆ ಬರೆಯಬೇಕು ಮೇಡಂ?

ಮೇಡಂ: ಎರಡು ದಾರಿ ಇವೆಯಮ್ಮ. ಫಂಡ್ ವಿತರಕರಾಗಲು ಸೆಬಿಯದೇ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ 5-ಎ ಪರೀಕ್ಷೆ, ಆಮೇಲೆ ಫಂಡ್ ಕಂಪನಿಗಳ ಸಂಘ ಆಂಫಿಯಿಂದ ಎಆರ್‌ಎನ್ ಅನ್ನೋ ನೋಂದಣಿ ನಂಬರ್. ಅಲ್ಲಿ ಆದಾಯ ಫಂಡ್ ಕಂಪನಿ ಕೊಡುವ ಕಮಿಷನ್. ಸಲಹೆಗಾರರಾಗಲು 10-ಎ, 10-ಬಿ ಪಾಸಾಗಿ ಸೆಬಿಯಲ್ಲಿ ನೋಂದಣಿ ಆಗಬೇಕು. ಅಲ್ಲಿ ಆದಾಯ ಗ್ರಾಹಕರು ಕೊಡುವ ಶುಲ್ಕ. ಒಬ್ಬರೇ ಗ್ರಾಹಕರಿಂದ ಶುಲ್ಕವನ್ನೂ ತಗೊಂಡು, ಅವರ ಹಣದ ಮೇಲೆ ಕಮಿಷನ್ ಕೂಡ ತಗೊಳ್ಳುವಂತಿಲ್ಲ. ಮೊದಲು ಡಿಗ್ರಿ ಮುಗಿಸು.

ಮೂಡಿಗೆರೆಯ ಹೊಸ ವಿತರಕ: ಮೇಡಂ, ನಮ್ಮ ಕಡೆಯ ಒಂದು ಕುಟುಂಬ. ಎಂಟು ಎಕರೆ ಕಾಫಿ, ಜೊತೆಗೆ ಮೆಣಸು. ಯಜಮಾನರಿಗೆ 52 ವರ್ಷ. ಮಗಳು ಮಂಗಳೂರಿನಲ್ಲಿ ಇಂಜಿನಿಯರಿಂಗ್, ಮಗ ಪಿಯುಸಿ. ಹೋದ ವರ್ಷ ಖರ್ಚು ಕಳೆದು 14 ಲಕ್ಷ ಉಳಿಯಿತು ಅಂದರು. 12ರಿಂದ ಭಾಗಿಸಿ, ತಿಂಗಳಿಗೆ 40,000 ಎಸ್‌ಐಪಿ (ಫಂಡ್‌ಗೆ ತಿಂಗಳ ಕಂತು) ಅಂತ 28 ಪುಟದ ಪ್ಲಾನ್ ಕೊಟ್ಟೆ. ಸೊಸೈಟಿ ಸಾಲ 3 ಲಕ್ಷ, ಚಿನ್ನದ ಸಾಲ 4 ಲಕ್ಷ, ಪರಿಚಯದವರ ಹತ್ತಿರ ಕೈಸಾಲ 2 ಲಕ್ಷ ಇದೆ. ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಪ್ಲಾನ್ ನೋಡಿ ಚೆನ್ನಾಗಿದೆ ಅಂದವರು ಈಗ ಫೋನ್ ಎತ್ತುತ್ತಿಲ್ಲ. ಪ್ರೆಸೆಂಟೇಶನ್ ಹೇಗೆ ಸರಿ ಮಾಡಲಿ?

ಮೇಡಂ: ಇದಕ್ಕೆ ಉದ್ದ ಬರೆಯುತ್ತೇನೆ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಪ್ಲಾನ್‌ಗಳು ಜಾಸ್ತಿ ಕೆಡುವುದು ಇಲ್ಲೇ. ನಿಮ್ಮ ಲೆಕ್ಕವೇ ಆ ಮನೆಗೆ ಹೊಂದಿಲ್ಲಪ್ಪ.

14 ಲಕ್ಷವನ್ನು 12ರಿಂದ ಭಾಗಿಸಿದ್ದೀರಿ. ಕಾಫಿ ಬೆಳೆಗಾರರಿಗೆ ತಿಂಗಳ ಸಂಬಳ ಬರುತ್ತಾ? ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ರೋಬಸ್ಟಾ ಜನವರಿ ಮೇಲೆ, ಮೆಣಸು ಅದರ ಹಿಂದೆಯೇ. ಮಾರಿದಾಗ ಹಣ. ಆದರೆ ಆಳುಗಳ ಬಟವಾಡೆ ವಾರವಾರ ಆಗಬೇಕು. ಗೊಬ್ಬರ, ಔಷಧಿ, ನೆರಳಿನ ಮರಗಳ ಕೊಂಬೆ ಕಡಿಯೋದು, ಕಳೆ ಅಂತ ವರ್ಷವಿಡೀ ಖರ್ಚು. ಮಳೆಗಾಲ ಬಂದರೆ ಕಾಲೇಜು ಫೀಸು. ಸೆಪ್ಟೆಂಬರ್‌ನಲ್ಲಿ ಆ ಖಾತೆಯಿಂದ 40,000 ಎಳೆದರೆ ಕಂತು ಬೌನ್ಸ್ ಆಗಿ ಬ್ಯಾಂಕ್ ದಂಡ ಹಾಕುತ್ತದೆ. ಅದು ಅವರಿಗೆ ಗೊತ್ತು. ನಿಮ್ಮ ಮುಖಕ್ಕೆ ಹೇಳಲು ಸಂಕೋಚ ಪಟ್ಟಿದ್ದಾರೆ, ಅಷ್ಟೇ.

ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ ಹಾಕಿ. ಬರೋದು ಮೇಲೆ, ಹೋಗೋದು ಕೆಳಗೆ. ಅವರ ಎದುರೇ ಕೂತು ತುಂಬಿ. ಫಸಲಿನ ಹಣ ಬಂದ ಕೂಡಲೇ ಮುಂದಿನ ಒಂದು ವರ್ಷದ ತೋಟದ ಖರ್ಚು, ಮನೆ ಖರ್ಚು, ಫೀಸು ಬೇರೆ ಇಡಲಿ. ಬ್ಯಾಂಕ್ ಠೇವಣಿಯೋ, ಬೇಕಾದಾಗ ಬೇಗ ಹಣ ತೆಗೆಯಬಹುದಾದ ಲಿಕ್ವಿಡ್ ಫಂಡೋ ಸಾಕು. ಮೇಲೆ ಉಳಿದರೆ ಅದನ್ನು ಲಿಕ್ವಿಡ್ ಫಂಡ್‌ನಲ್ಲಿಟ್ಟು, ಅಲ್ಲಿಂದ ತಿಂಗಳಿಗಿಷ್ಟು ಈಕ್ವಿಟಿಗೆ, ಅಂದರೆ ಶೇರು ಫಂಡ್‌ಗೆ, ತಾನಾಗಿ ಹೋಗುವಂತೆ ಎಸ್‌ಟಿಪಿ ಮಾಡಿ.

ಬೆಲೆಯ ವಿಷಯ ಇನ್ನೂ ಮುಖ್ಯ. 2024-25ರಲ್ಲಿ ಕಾಫಿಗೆ ಬಂದ ಬೆಲೆಯನ್ನು ಹದಿನೈದು ವರ್ಷಕ್ಕೆ ಎಳೆಯಬೇಡಿ. 2000ದ ದಶಕದ ಶುರುವಿನಲ್ಲಿ ಬೆಲೆ ಕುಸಿದಾಗ ಏನಾಯಿತು ಅಂತ ಯಜಮಾನರನ್ನೇ ಕೇಳಿ. 2019ರ ಆಗಸ್ಟ್ ಮಳೆಗೆ ನಿಮ್ಮ ತಾಲ್ಲೂಕಿನಲ್ಲೇ ತೋಟ ಜರಿದಿವೆ. ಅರೇಬಿಕಾಕ್ಕೆ ಕಾಂಡಕೊರಕ ಹುಳುವಿನ ಕಾಟ ಇದ್ದೇ ಇದೆ. ಒಳ್ಳೆ ವರ್ಷ, ಸಾಧಾರಣ ವರ್ಷ, ಕೆಟ್ಟ ವರ್ಷ ಅಂತ ಮೂರು ಲೆಕ್ಕ ಹಾಕಿ. ಕೆಟ್ಟ ವರ್ಷದಲ್ಲೂ ಕಟ್ಟಲು ಆಗುವಷ್ಟನ್ನೇ ಕಡ್ಡಾಯ ಕಂತು ಮಾಡಿ.

ಇನ್ನು ಸಾಲ. ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ 24. ಅದನ್ನು ಇಟ್ಟುಕೊಂಡು ಎಸ್‌ಐಪಿ ಮಾಡಿಸೋದು ತಪ್ಪು. ಕೈಸಾಲ ಮೊದಲು ತೀರಲಿ, ಆಮೇಲೆ ಚಿನ್ನ ಬಿಡಿಸಲಿ. ಸೊಸೈಟಿಯದು ಬಡ್ಡಿ ರಿಯಾಯಿತಿಯ ಬೆಳೆ ಸಾಲ ಆಗಿದ್ದರೆ ಅವಸರ ಬೇಡ, ಆದರೆ ಗಡುವು ತಪ್ಪಬಾರದು. ಕೈಸಾಲ ತೀರಿಸಿ ಅಂದರೆ ನಿಮಗೆ ಕಮಿಷನ್ ಇಲ್ಲ. ಆದರೂ ಅದನ್ನೇ ಹೇಳಬೇಕು. ಅದನ್ನು ಹೇಳಲು ಮನಸ್ಸಿಲ್ಲದಿದ್ದರೆ ನೀವು ಕೊಟ್ಟಿದ್ದು ಪ್ಲಾನ್ ಅಲ್ಲ, ಎಸ್‌ಐಪಿ ಫಾರಂ.

ಕಾಫಿಯನ್ನು ಯಾವ ರೂಪದಲ್ಲಿ ಮಾರುತ್ತಾರೆ ಅಂತ ಕೇಳಿದಿರಾ? ಬೆಳೆದು, ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡೋದು) ಮಾಡಿಸಿ ಮಾರಿದರೆ ಆ ಆದಾಯದ ಶೇ 25ಕ್ಕೆ ಆದಾಯ ತೆರಿಗೆ ಲೆಕ್ಕ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40ಕ್ಕೆ. ಕ್ಯೂರಿಂಗ್‌ಗೆ ಕೊಡದೆ ಹಾಗೇ ಮಾರಿದರೆ ಕೃಷಿ ಆದಾಯ. ಅವರ ಆಡಿಟರ್ ಜೊತೆ ಮಾತಾಡದೆ ತೆರಿಗೆ ಪುಟ ಬರೆಯಬೇಡಿ. ಸಾಲ ಇರುವ ಮನೆ ಆದ್ದರಿಂದ ಟರ್ಮ್ ವಿಮೆ (ತೀರಿಕೊಂಡರೆ ಮಾತ್ರ ಹಣ ಬರುವ ಜೀವ ವಿಮೆ) ಬೇಕೇ ಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ, ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಪಾಲಿಸಿ ತಗೊಳ್ಳುವಾಗಲೇ ಇದನ್ನು ಮಾಡಬೇಕು.

ಈಗ ಪ್ರೆಸೆಂಟೇಶನ್. ಆ ದಿನ ಮನೆಯಾಕೆ ಕೂತಿದ್ದರಾ? ತೋಟದ ಲೆಕ್ಕ ಯಜಮಾನರು ಹೇಳುತ್ತಾರೆ, ಅಡವಿಟ್ಟ ಚಿನ್ನದ ಸಂಕಟ ಹೇಳುವುದು ಅವರು. 28 ಪುಟವನ್ನು ಎರಡಕ್ಕೆ ಇಳಿಸಿ. ಮೊದಲ ಪುಟದಲ್ಲಿ ಅವರ ಬಾಯಿಂದ ಬಂದ ಚಿಂತೆಗಳೇ ಇರಲಿ: ಮಗಳ ಫೀಸು, ಕೈಸಾಲ, ಚಿನ್ನ. ಎರಡನೆಯದರಲ್ಲಿ ಈ ತಿಂಗಳು ಏನು, ಈ ಫಸಲಿಗೆ ಏನು, ಆಮೇಲೆ ಏನು. ಹಣದುಬ್ಬರ ಎಷ್ಟು ಹಿಡಿದಿದ್ದೀರಿ, ಲಾಭ ಎಷ್ಟು ಹಿಡಿದಿದ್ದೀರಿ ಅನ್ನೋದು ಅಲ್ಲೇ ಕಾಣಬೇಕು. ಹೇಳಿ ಮುಗಿಸಿ ಸುಮ್ನೆ ಕೂತುಕೊಳ್ಳಿ. ಅವರು ಮಾತಾಡಲಿ.

ಫೋನ್ ಮಾಡೋದು ನಿಲ್ಲಿಸಿ, ಫಾರಂ ಇಲ್ಲದೆ ಬರಿಗೈಲಿ ಮನೆಗೆ ಹೋಗಿ. ಯಾವುದು ಹೊಂದಲಿಲ್ಲ ಅಂತ ಕೇಳಿ.

ಮೂಡಿಗೆರೆಯ ಹೊಸ ವಿತರಕ: ಮನೆಯವರು ಕಾಫಿ ತಂದಿಟ್ಟು ಒಳಗೆ ಹೋದರು ಮೇಡಂ. ಈ ಸಲ ಅವರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ.

ಬೇಲೂರು ಸದಸ್ಯ: ಗ್ರಾಹಕರಿಗೆ ತೋರಿಸಲು ಇದು ಚೆನ್ನಾಗಿದೆ. ಫಾರ್ವರ್ಡ್: "ತಿಂಗಳಿಗೆ 15 ಸಾವಿರ, 15 ವರ್ಷ, ಶೇ 15, ಒಂದು ಕೋಟಿ ಗ್ಯಾರಂಟಿ!!"

ಮೇಡಂ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಗುಣಾಕಾರ ಸರಿ ಇದೆ. ಶೇ 15 ಬರುತ್ತದೆ ಅಂತ ಹೇಳಿದವರು ಯಾರು? ಅದೇ ಕಂತಿಗೆ ಶೇ 10 ಹಾಕಿ ನೋಡಿ, 62 ಲಕ್ಷದ ಆಸುಪಾಸು ಬರುತ್ತದೆ. ಶೇ 6 ಹಣದುಬ್ಬರ ಹಿಡಿದರೆ 15 ವರ್ಷದ ಮೇಲಿನ ಒಂದು ಕೋಟಿ ಇವತ್ತಿನ 42 ಲಕ್ಷಕ್ಕೆ ಸಮ. ಫಂಡ್ ಮಾರುವವರು ಗ್ಯಾರಂಟಿ ಅನ್ನುವುದೇ ನಿಯಮಕ್ಕೆ ವಿರುದ್ಧ.

ಬೇಲೂರು ಸದಸ್ಯ: ಎಲ್ಲರೂ ಕಳಿಸ್ತಾರೆ ಮೇಡಂ.

ಮೇಡಂ: ನೀವು ಕಳಿಸಬೇಡಿ.

ತರೀಕೆರೆ ಸದಸ್ಯ: ಅಡಿಕೆ ಬೆಳೆಗಾರರಿಗೆ ಪ್ಲಾನ್ ಮಾಡಲು ಸಾಫ್ಟ್‌ವೇರ್ ಇದೆಯಾ?

ಮೇಡಂ: ಮೇಲೆ ಹೇಳಿದ್ದೇನೆ.

ಹಾಸನದ ವಿಮೆ ಏಜೆಂಟ್: ಇಷ್ಟೆಲ್ಲ ತಲೆನೋವು ಯಾಕೆ? ಎಂಡೋಮೆಂಟ್ ಪಾಲಿಸಿ ಹಾಕಿಸಿ. ವಿಮೆಯೂ ಆಯ್ತು, ಉಳಿತಾಯವೂ ಆಯ್ತು.

ಚಿಕ್ಕಮಗಳೂರು ವಿತರಕ: ವರ್ಷಕ್ಕೆ 50,000ದಂತೆ 20 ವರ್ಷ ಕಟ್ಟಿ ಕೊನೆಗೆ 18 ಲಕ್ಷ ಬಂದರೆ ಸಿಕ್ಕಿದ್ದು ಶೇ 5.3ರ ಹತ್ತಿರ ಅಣ್ಣ. ಎಕ್ಸೆಲ್‌ನಲ್ಲಿ ಹಾಕಿ ನೋಡಿ.

ಹಾಸನದ ವಿಮೆ ಏಜೆಂಟ್: ಮಾರ್ಕೆಟ್ ಬಿದ್ದಾಗ ನಿಮ್ಮ ಗ್ರಾಹಕರು ಅಳುತ್ತಾ ಬರೋದು ನಮ್ಮ ಹತ್ತಿರವೇ. 2020ರ ಮಾರ್ಚ್ ಮರೆತುಹೋಯ್ತಾ?

ಚಿಕ್ಕಮಗಳೂರು ವಿತರಕ: ಮಧ್ಯದಲ್ಲಿ ಪಾಲಿಸಿ ಬಿಟ್ಟವರ ಕಣ್ಣೀರನ್ನೂ ಹೇಳಿ ಮತ್ತೆ.

ಸಕಲೇಶಪುರ ಸದಸ್ಯ: ಎರಡೂ ಬೇಡ. ಜಮೀನು ತಗೊಳ್ಳಿ. ಜಮೀನು ಕೈ ಬಿಡಲ್ಲ.

ಚಿಕ್ಕಮಗಳೂರು ವಿತರಕ: ಮಗಳ ಫೀಸಿಗೆ ಅರ್ಧ ಎಕರೆ ರಾತ್ರೋರಾತ್ರಿ ಮಾರಲು ಆಗುತ್ತಾ ಸರ್? ಆನೆ ಓಡಾಡುವ ಕಡೆ ಕೊಳ್ಳುವವರೇ ಸಿಗಲ್ಲ.

ಸಕಲೇಶಪುರ ಸದಸ್ಯ: ನಮ್ಮೂರಿನ ಬಗ್ಗೆ ನೀವು ಹೇಳಬೇಕಾಗಿಲ್ಲ.

ಚನ್ನರಾಯಪಟ್ಟಣ ಸದಸ್ಯೆ: ಮೇಡಂ, ಹಾಲಿನ ಡೇರಿ ಬಟವಾಡೆ ಮೇಲೇ ಬದುಕುವ ಮನೆಗೆ ತುರ್ತು ನಿಧಿ ಎಷ್ಟು ಇಡಿಸಬೇಕು? ಹಸು ಸತ್ತರೆ ಆದಾಯವೇ ನಿಲ್ಲುತ್ತದೆ.

ಹಾಸನದ ವಿಮೆ ಏಜೆಂಟ್: ಪ್ರೀಮಿಯಂ ಮೇಲೆ ಜಿಎಸ್‌ಟಿ ಬೇರೆ ಅಂತ ಹೆದರಿಸ್ತೀರಲ್ಲ, ಮೇಡಂ ಹೇಳಲಿ.

ಮೇಡಂ: ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಹಳೆ ಎಕ್ಸೆಲ್‌ನಲ್ಲಿ ಶೇ 18 ಇದ್ದರೆ ತೆಗೆಯಿರಿ. ಎಂಡೋಮೆಂಟ್ ವಿಷಯದಲ್ಲಿ ಚಿಕ್ಕಮಗಳೂರಿನವರ ಲೆಕ್ಕ ಸರಿ. ಇಬ್ಬರೂ ಜಗಳ ನಿಲ್ಲಿಸಿ, ಕಲಿಯಲು ಬಂದವರ ಪ್ರಶ್ನೆ ಮೇಲೆ ಹೋಗ್ತಿದೆ.

ಹಾಸನದ ವಿಮೆ ಏಜೆಂಟ್: ನಾವೇನು ಕಲಿಸೋಕೆ ಯೋಗ್ಯರಲ್ಲವೇ?

ಅಡ್ಮಿನ್: ಸರ್, ಸಾಕು.

ಆಲೂರು ಸದಸ್ಯ: ವಿಸಿಟಿಂಗ್ ಕಾರ್ಡ್‌ನಲ್ಲಿ "ವೆಲ್ತ್ ಅಡ್ವೈಸರ್" ಅಂತ ಹಾಕಿಸಿದ್ದೇನೆ. ಎಆರ್‌ಎನ್ ಇದೆ. ತೊಂದರೆ ಇಲ್ಲ ಅಲ್ವಾ?

ಮೇಡಂ: ಇದೆ. ಸೆಬಿ ನೋಂದಣಿ ಇಲ್ಲದ ವಿತರಕರು ಆ ಪದ ಬಳಸುವಂತಿಲ್ಲ. "ಮ್ಯೂಚುವಲ್ ಫಂಡ್ ವಿತರಕರು" ಅಂತ ಹಾಕಿಸಿ, ಎಆರ್‌ಎನ್ ನಂಬರ್ ಬರೆಯಿರಿ.

ಕೊಪ್ಪದ ಸದಸ್ಯ: ನಾಮಿನಿ ಹಾಕಿಸಿದರೆ ಪ್ಲಾನ್‌ನಲ್ಲಿ ವಿಲ್ ಪುಟ ಬೇಕಾಗಲ್ಲ ಅಲ್ವಾ ಮೇಡಂ?

ಮೇಡಂ: ಬೇಕು. ಬ್ಯಾಂಕ್, ಫಂಡ್, ಶೇರುಗಳಲ್ಲಿ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ. ಹಕ್ಕು ವಾರಸುದಾರರದು. ಶೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ಇದನ್ನೇ ಹೇಳಿದೆ. ವಿಲ್‌ಗೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ತೋಟ ಪಿತ್ರಾರ್ಜಿತ ಆಗಿದ್ದರೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ, ವಕೀಲರಿಗೆ ತೋರಿಸಿ.

ಸಕಲೇಶಪುರ ಸದಸ್ಯ: ಮದುವೆಯಲ್ಲಿ ಕೊಟ್ಟಿರ್ತೀವಲ್ಲ, ಮತ್ತೆ ಪಾಲು ಯಾಕೆ?

ಕಡೂರಿನ ಬಿಕಾಂ ವಿದ್ಯಾರ್ಥಿನಿ: ಕಾನೂನು ಸರ್. ಮೇಡಂ ಈಗಷ್ಟೇ ಬರೆದಿದ್ದಾರೆ.

ಸಕಲೇಶಪುರ ಸದಸ್ಯ: ನಿನ್ನನ್ನ ಕೇಳಲಿಲ್ಲಮ್ಮ.

ಚನ್ನರಾಯಪಟ್ಟಣ ಸದಸ್ಯೆ: ನನ್ನ ಡೇರಿ ಪ್ರಶ್ನೆ ಹಾಗೇ ಉಳಿಯಿತು.

ಅಡ್ಮಿನ್: ಮೇಡಂ ಹೊರಟಿದ್ದಾರೆ. ಇನ್ನು ಇವತ್ತು ಯಾರೂ ಬರೆಯಲು ಆಗದಂತೆ ಗುಂಪು ಮುಚ್ಚುತ್ತಿದ್ದೇನೆ.