ಪದಚರ್ಚೆ: ‘ಹದ’ ಪಾರಿಭಾಷಿಕ ಪದವಾಗಬಲ್ಲದೇ?

ಪ್ರಶ್ನೆ:

ಸರ್ಕಾರಿ ಶಾಲೆಯ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕಸುಬು ಕಲಿಸುವ ಕೈಪಿಡಿಯೊಂದರ ಕನ್ನಡ ಕರಡು ತಿದ್ದುವಾಗ ಎದ್ದ ಸಂದೇಹವಿದು. ಗಾರೆ ಕೆಲಸದ ಪಾಠದಲ್ಲಿ ‘ಮಿಶ್ರಣವು ಸೂಕ್ತ ಸಾಂದ್ರತೆಯನ್ನು ಹೊಂದಿರಬೇಕು’ ಎಂದಿದೆ. ಉಳಿ ಮಸೆಯುವ ಕಡೆ ‘ಉಕ್ಕಿನ ಗಡಸುತನ ನಷ್ಟವಾಗದಂತೆ ಎಚ್ಚರ ವಹಿಸಿ’. ಮರಗೆಲಸದಲ್ಲಿ ‘ಮರದ ತೇವಾಂಶವನ್ನು ಸ್ಥಿರಗೊಳಿಸಬೇಕು’. ಚಿಕ್ಕಿ ಮಾಡುವಲ್ಲಿ ‘ದ್ರಾವಣವು ಅಪೇಕ್ಷಿತ ಹಂತವನ್ನು ತಲುಪಿದ ನಂತರ’. ಕೈತೋಟದಲ್ಲಿ ‘ಮಣ್ಣಿನ ತೇವಾಂಶ ಅನುಕೂಲಕರವಾಗಿರುವಾಗ’. ಈ ಐದೂ ಕಡೆ ‘ಹದ’ ಎಂದು ತಿದ್ದಿದರೆ ‘ಅದು ಆಡುಮಾತು, ಒಂದೇ ಪದಕ್ಕೆ ಐದು ಅರ್ಥ ಬರುತ್ತದೆ, ಪಾರಿಭಾಷಿಕ ಪದವಾಗಲಾರದು’ ಎಂಬ ಆಕ್ಷೇಪ ಬಂದಿದೆ. ಪದದ ಮೂಲವೇನು, ಇಲ್ಲಿ ಬಳಸಬಹುದೇ, ಬಲ್ಲವರು ತಿಳಿಸಬೇಕು.

ಉತ್ತರ:

ಬಳಸಬಹುದು ಎನ್ನುವುದಕ್ಕಿಂತ, ಬಳಸದಿದ್ದರೆ ಪಾಠವೇ ತಪ್ಪಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಮೂಲದಿಂದ ಶುರುಮಾಡೋಣ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಹಳಗನ್ನಡದ ‘ಪದ’, ‘ಪದನ್’ ನಮ್ಮ ಬಾಯಲ್ಲಿ ಹದ, ಹದನ ಆಗಿವೆ. ಹೆಜ್ಜೆ, ಶಬ್ದ ಎಂಬ ಅರ್ಥದ ಸಂಸ್ಕೃತದ ‘ಪದ’ ಬೇರೆ. ತಮಿಳಿನಲ್ಲಿ ‘ಪದಂ’ ಎಂದರೆ ಅಡುಗೆಯ ಪಾಕ, ತಕ್ಕ ಸ್ಥಿತಿ. ತೆಲುಗಿನ ‘ಪದನು’ ನೆಲದ ತೇವಕ್ಕೂ ಕತ್ತಿಯ ಹರಿತಕ್ಕೂ ಸಲ್ಲುತ್ತದೆ. ಮಣ್ಣು, ಅಡುಗೆ, ಉಕ್ಕು ಮೂರಕ್ಕೂ ಒಂದೇ ಮಾತು ಹೇಳುವುದು ಕನ್ನಡದವರ ಸಡಿಲತನವಲ್ಲ, ಸೋದರ ಭಾಷೆಗಳೂ ಹಾಗೆಯೇ ಕಂಡಿವೆ. ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಹದ ಮತ್ತು ಕೆಡು ಸೇರಿ ಆದ ಆ ಮಾತು ಯಾರಿಗೂ ಸಡಿಲ ಅನ್ನಿಸಿಲ್ಲ.

ಐದು ಅರ್ಥ ಎಂಬ ಆಕ್ಷೇಪಕ್ಕೆ ಉತ್ತರವೆಂದರೆ, ಅರ್ಥ ಒಂದೇ. ವಸ್ತು ಮುಂದಿನ ಕೆಲಸಕ್ಕೆ ಒದಗುವ ಸ್ಥಿತಿಯೇ ಹದ. ವಸ್ತುವನ್ನು ಮಾತ್ರ ನೋಡಿ ಹದ ಹೇಳಲಾಗದು, ಮುಂದೆ ಏನು ಮಾಡಲಿದ್ದೇವೆ ಎಂಬುದೂ ಅದರಲ್ಲಿ ಸೇರಿದೆ. ಬತ್ತದ ನಾಟಿಗೆ ಹದವಾದ ಕೆಸರು ರಾಗಿ ಬಿತ್ತನೆಗೆ ಹದವಲ್ಲ. ಸಾಂದ್ರತೆ, ಗಡಸುತನ, ತೇವಾಂಶ ಇವು ವಸ್ತುವಿನ ಗುಣಗಳು. ಕರಡು ಬರೆದವರು ಪ್ರತಿ ಸಲವೂ ಒಂದು ಗುಣ ಹಿಡಿದು ಹದವನ್ನು ಬಿಟ್ಟಿದ್ದಾರೆ.

ಗಾರೆಯನ್ನೇ ನೋಡಿ. ವಿಜ್ಞಾನದ ತರಗತಿಯಲ್ಲಿ ಮಗು ಸಾಂದ್ರತೆ ಎಂದರೆ ರಾಶಿ ಭಾಗಿಸು ಗಾತ್ರ ಎಂದು ಕಲಿತಿರುತ್ತದೆ. ಗಾರೆಗೆ ಒಂದು ಲೋಟ ನೀರು ಹೆಚ್ಚಾದರೆ ಆ ಲೆಕ್ಕದ ಸಾಂದ್ರತೆ ಅಷ್ಟೇನೂ ಬದಲಾಗದು, ಹದ ಮಾತ್ರ ಪೂರ್ತಿ ಕೆಡುತ್ತದೆ. ಇಟ್ಟಿಗೆ ಕಟ್ಟಲು 1 ಪಾಲು ಸಿಮೆಂಟಿಗೆ 6 ಪಾಲು ಮರಳು. ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲಸಿ, ಆಮೇಲೆ ಸ್ವಲ್ಪಸ್ವಲ್ಪವೇ ನೀರು. ಕರಣೆಯಲ್ಲಿ (ಗಾರೆ ಬಳಿಯುವ ಚಪ್ಪಟೆ ಸಲಕರಣೆ) ಎತ್ತಿ ಓರೆ ಮಾಡಿದಾಗ ಮುದ್ದೆಯಾಗಿ ನಿಧಾನ ಜಾರಬೇಕು. ಹರಿದು ಹೋದರೆ ನೀರು ಹೆಚ್ಚು, ಕರಣೆ ಬಿಡದಿದ್ದರೆ ಕಡಿಮೆ. ಗಾರೆಯ ಮೇಲೆ ಕರಣೆಯ ತುದಿಯಿಂದ ಗೀರಿದರೆ ಗೀರು ಮುಚ್ಚಿಕೊಳ್ಳದೆ ನಿಲ್ಲಬೇಕು. ನೀರಾದ ಗಾರೆಯ ಮೇಲೆ ಇಟ್ಟಿಗೆ ತೇಲುತ್ತದೆ, ಇಟ್ಟಿಗೆಯ ವರಸೆ ಕುಸಿದು, ಮಟ್ಟ ನೋಡುವ ರಸಮಟ್ಟದ ಗುಳ್ಳೆ ಒಂದು ಕಡೆಗೆ ಓಡುತ್ತದೆ, ಒಣಗಿದ ಮೇಲೆ ಸಂದಿನಲ್ಲಿ ಬಿರುಕು. ಗಾರೆ ಹದವಾಗಿದ್ದೂ ಗೋಡೆ ಹಿಡಿಯದಿದ್ದರೆ ತಪ್ಪು ಇಟ್ಟಿಗೆಯದು: ನೆನೆಸದ ಇಟ್ಟಿಗೆ ಗಾರೆಯ ನೀರು ಹೀರಿ ಅದನ್ನು ಪುಡಿಯಾಗಿಸುತ್ತದೆ. ಗುಳ್ಳೆ ಏಳುವುದು ನಿಲ್ಲುವ ತನಕ ಇಟ್ಟಿಗೆ ನೀರಿನಲ್ಲಿರಬೇಕು ಎಂಬ ಮಾತು ಕರಡಿನಲ್ಲಿ ಇಲ್ಲದಿದ್ದರೆ ಸೇರಿಸಿ.

ಇಲ್ಲೇ ಕನ್ನಡದ ಕ್ರಿಯಾಪದಗಳ ಬಲ ಕಾಣುವುದು. ಹದ ಬರುತ್ತದೆ, ಹದ ತಪ್ಪುತ್ತದೆ, ಹದ ಮೀರುತ್ತದೆ. ಬಾರದ ಹದಕ್ಕೆ ಇನ್ನಷ್ಟು ಕಲಸಬೇಕು ಅಥವಾ ಕಾಯಬೇಕು. ತಪ್ಪಿದ್ದನ್ನು ತಿದ್ದಬಹುದು: ನೀರು ಹೆಚ್ಚಾದ ಗಾರೆಗೆ ಅದೇ ಅಳತೆಯ ಒಣ ಮಿಶ್ರಣ ಸೇರಿಸಿದರಾಯಿತು. ಮೀರಿದ್ದು ಹಿಂದಕ್ಕೆ ಬಾರದು. ನೀರು ಬಿದ್ದು ಅರ್ಧ ಗಂಟೆ ದಾಟಿದ ಗಾರೆ ಬಿಗಿಯತೊಡಗುತ್ತದೆ. ಮಕ್ಕಳು ಮತ್ತೆ ನೀರು ಹಾಕಿ ಕಲಸುತ್ತಾರೆ, ನೋಡಲು ಹದವಾಗಿಯೇ ಇರುತ್ತದೆ, ಹಿಡಿತವಿರುವುದಿಲ್ಲ. ‘ಹದ ಮೀರಿದ ಗಾರೆಯನ್ನು ಮತ್ತೆ ಕಲಸಬೇಡಿ’ ಎಂಬ ಒಂದೇ ವಾಕ್ಯ ಇದಿಷ್ಟನ್ನೂ ಹೇಳುತ್ತದೆ. ‘ಸೂಕ್ತ ಸಾಂದ್ರತೆ’ ಎಂದು ಹಿಡಿದುಕೊಂಡರೆ ಈ ಮೂರು ಕ್ರಿಯಾಪದಗಳಲ್ಲಿ ಒಂದೂ ಅದಕ್ಕೆ ಕೂಡುವುದಿಲ್ಲ.

ಉಕ್ಕಿನಲ್ಲಿ ‘ಗಡಸುತನ’ ಎಂದಿರುವುದು ಅರ್ಧ ಸರಿ. ಉಳಿಯ ತುದಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಕೂಡಲೇ ಅದು ಅತಿ ಗಡಸಾಗಿರುತ್ತದೆ, ಆದರೆ ಆಗ ಅದಕ್ಕೆ ಹದ ಇಲ್ಲ, ಕೊಡತಿಯ (ಮರದ ಸುತ್ತಿಗೆಯ) ಏಟಿಗೆ ಗಾಜಿನಂತೆ ಚಕ್ಕೆ ಏಳುತ್ತದೆ. ತುದಿಯನ್ನು ಉಜ್ಜಿ ಹೊಳಪು ಬರಿಸಿ, ಮತ್ತೆ ಮೆಲ್ಲಗೆ ಕಾಯಿಸಿದಾಗ ಮೈಮೇಲೆ ಬಣ್ಣ ಓಡುವುದು ಕಾಣುತ್ತದೆ: ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣ, 250 ದಾಟಿದರೆ ಕಂದು, 280ರ ಹತ್ತಿರ ನೇರಳೆ, 300ಕ್ಕೆ ನೀಲಿ. ಮರಗೆಲಸದ ಉಳಿಗೆ ಹುಲ್ಲಿನ ಬಣ್ಣ ಬಂದಾಗಲೇ ಅದ್ದಿ ನಿಲ್ಲಿಸಬೇಕು. ಒಂದಷ್ಟು ಗಡಸುತನ ಬಿಟ್ಟುಕೊಟ್ಟೇ ಹದ ಬರುವುದು. ಇದನ್ನು ಆ ವಯಸ್ಸಿನ ಮಕ್ಕಳು ಕುಲುಮೆಯಲ್ಲಿ ದೂರ ನಿಂತು ನೋಡಿದರೆ ಸಾಕು. ಶಾಲೆಯಲ್ಲಿ ಅವರೆದುರು ನಡೆಯುವ ಅನಾಹುತ ಬೇರೆ: ಕರೆಂಟಿನ ಸಾಣೆಕಲ್ಲಿಗೆ ಉಳಿ ಒತ್ತಿ ಹಿಡಿದರೆ ತೆಳ್ಳಗಿನ ಅಂಚು ಕ್ಷಣದಲ್ಲಿ ನೀಲಿಗಟ್ಟುತ್ತದೆ. ಅಲ್ಲಿಗೆ ಹದ ಹೋಯಿತು. ಎಷ್ಟು ಮಸೆದರೂ ಹರಿತ ನಿಲ್ಲದು, ನೀಲಿ ಇರುವಷ್ಟು ಉಕ್ಕನ್ನು ಸವೆಸಿ ತೆಗೆಯಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದುತ್ತಿದ್ದರೆ ಈ ಪಾಡಿಲ್ಲ.

ಒಂದು ಎಚ್ಚರಿಕೆ. ಕೆಲವು ಕಡೆ ಕತ್ತಿ ಹದ ಮಾಡುವುದು ಎಂದರೆ ಮಸೆಯುವುದು ಎಂದೇ ಅರ್ಥ. ಆದ್ದರಿಂದ ಕೈಪಿಡಿಯಲ್ಲಿ ಅಂಚಿಗೆ ‘ಹರಿತ’, ಉಕ್ಕಿಗೆ ‘ಹದ’ ಎಂದು ಬೇರೆ ಮಾಡಿ. ಹರಿತ ಹೋದರೆ ಮೊಂಡು, ಮಸೆಗಲ್ಲು ಸಾಕು. ಹದ ಹೋದರೆ ಮಸೆಗಲ್ಲಿನಿಂದ ಆಗುವುದಲ್ಲ.

ಚಿಕ್ಕಿಗೆ ಹೆಚ್ಚು ಹೇಳಬೇಕಿಲ್ಲ. ಬೆಲ್ಲದ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ತೆಗೆದು ಬಗ್ಗಿಸಿ: ಬಗ್ಗಿದರೆ ಇನ್ನೂ ಬಂದಿಲ್ಲ, ಟಕ್ಕೆಂದು ಮುರಿದರೆ ಬಂತು. ಬಂದ ಹದ ಮೀರಿ ಬೆಲ್ಲ ಸೀಯಲು ಬಹಳ ಹೊತ್ತು ಬೇಡ, ಹಾಗಾಗಿ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ತುಪ್ಪ ಸವರಿದ ತಟ್ಟೆ ಪಕ್ಕದಲ್ಲೇ ಸಿದ್ಧವಿರಬೇಕು. ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಕುದಿಯುವ ನೀರಿಗಿಂತ ಕೆಟ್ಟದು. ಬಾಣಲೆ ಹಿಡಿಯುವುದು ಶಿಕ್ಷಕರ ಕೆಲಸವಾಗಿರಲಿ.

2023ರ ರಾಷ್ಟ್ರೀಯ ಶಾಲಾ ಪಠ್ಯಕ್ರಮ ಚೌಕಟ್ಟು ವೃತ್ತಿ ಶಿಕ್ಷಣವನ್ನು ಜೀವಿಗಳೊಂದಿಗಿನ ಕೆಲಸ, ಯಂತ್ರ ಮತ್ತು ವಸ್ತುಗಳೊಂದಿಗಿನ ಕೆಲಸ, ಮಾನವ ಸೇವೆಯ ಕೆಲಸ ಎಂದು ಮೂರಾಗಿ ವಿಂಗಡಿಸಿದೆ. ಕೈತೋಟದಿಂದ ಗಾರೆಗೆ, ಗಾರೆಯಿಂದ ಅಡುಗೆಮನೆಗೆ ಮಗು ಕೊಂಡೊಯ್ಯಬಹುದಾದ ಪದ ಇದೊಂದು. ಮೂಲ ಶಿಕ್ಷಣ, ಕಾರ್ಯಾನುಭವ, ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು 1937ರಿಂದ ಈಚೆಗೆ ಈ ಪೀರಿಯಡ್ಡಿನ ಹೆಸರು ಎಷ್ಟು ಸಲ ಬದಲಾಗಿದೆ! ಕೆಲಸ ಮಾಡುವವರ ಮಾತು ಮಾತ್ರ ಪಾಠದ ಒಳಗೆ ಬಂದದ್ದು ಕಡಿಮೆ, ಇದು ನನಗೆ ನಿಜವಾದ ನೋವು.

ಮತ್ತೊಂದು ಉತ್ತರ:

ಮೇಲಿನದಕ್ಕೆ ಬಹುತೇಕ ಒಪ್ಪಿಗೆ, ಎರಡು ತಿದ್ದುಪಡಿ ಬೇಕು.

ಮರಕ್ಕೆ ಹದ ಎಂದು ಒತ್ತಾಯದಿಂದ ಅಂಟಿಸಬೇಡಿ. ಬಡಗಿಗಳ ಮಾತು ‘ಹಸಿ ಮರ’, ‘ಆರಿದ ಮರ’. ಇವೇ ಸಾಕು, ಇವೇ ಚೆನ್ನ. ಹಸಿ ಹಲಗೆ ಅಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗದು, ಅದಕ್ಕೇ ಬಾಗಿಲಿನ ಹಲಗೆಗಳ ನಡುವೆ ಬೆಳಕು ಕಾಣುವುದು. ಮಕ್ಕಳು ಒಂದೇ ತುಂಡನ್ನು ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಲಿ. ತೂಕ ಇಳಿಯುವುದು ನಿಂತರೆ ಆ ಊರಿನ ಗಾಳಿಗೆ ಮರ ಆರಿದೆ ಎಂದು ತಿಳಿಯುತ್ತದೆ. ಲೆಕ್ಕವೂ ಕಲಿಸಬಹುದು: 560 ಗ್ರಾಂ ತುಂಡು ಪೂರ್ತಿ ಒಣಗಿಸಿದಾಗ 500 ಗ್ರಾಂ ಆದರೆ, ಕಳೆದ 60ನ್ನು 500ರಿಂದ ಭಾಗಿಸಿ, ತೇವಾಂಶ ಶೇಕಡಾ 12. ಅನೇಕರು 560ರಿಂದ ಭಾಗಿಸಿ ತಪ್ಪುತ್ತಾರೆ.

ಇನ್ನು ಹದಕ್ಕೆ ಪರೀಕ್ಷೆ ಜೊತೆಗಿರಲೇಬೇಕು. ‘ಮಣ್ಣು ಹದವಾದಾಗ ಅಗೆಯಿರಿ’ ಎಂದಷ್ಟೇ ಬರೆದರೆ ಪೇಟೆಯ ಮಗುವಿಗೆ ಏನೂ ತಿಳಿಯದು. ‘ಹಿಡಿ ಮಣ್ಣನ್ನು ಹಿಸುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಪುಡಿಪುಡಿಯಾದರೆ ಹದ, ಚಪ್ಪಟೆಯಾದರೆ ಹಸಿ ಹೆಚ್ಚು, ಉಂಡೆಯೇ ಕಟ್ಟದಿದ್ದರೆ ಒಣ’ ಎಂದು ಬರೆಯಿರಿ. ಎರೆಮಣ್ಣನ್ನು ಹಸಿಯಲ್ಲಿ ಅಗೆದರೆ ಹೆಂಟೆ ಇಟ್ಟಿಗೆಯಷ್ಟು ಗಟ್ಟಿಯಾಗಿ ಕೂರುತ್ತದೆ, ಮುಂದಿನ ಮಳೆಯ ತನಕ ಒಡೆಯದು. ಪಕ್ಕದಲ್ಲಿ ‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎಂಬ ಗಾದೆಯನ್ನೂ ಹಾಕಿ. ಹರಗಲು, ಅಂದರೆ ಕುಂಟೆ ಹೊಡೆದು ಮಣ್ಣು ಸಡಿಲಿಸಲು, ತಕ್ಕ ಸ್ಥಿತಿ ಹದ, ಬಿತ್ತಲು ತಕ್ಕ ಕಾಲ ಬೆದೆ, ಎರಡನ್ನೂ ಬೇರೆಬೇರೆಯಾಗಿ ಕಂಡವರ ಮಾತದು.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ವಂದನೆ. ಗಾರೆ, ಉಕ್ಕು, ಚಿಕ್ಕಿ, ಮಣ್ಣು ನಾಲ್ಕಕ್ಕೆ ‘ಹದ’, ಮರಕ್ಕೆ ‘ಆರಿದ’ ಎಂದು ಬರೆಯುತ್ತಿದ್ದೇನೆ, ಪ್ರತಿಯೊಂದಕ್ಕೂ ಪರೀಕ್ಷೆ ಸಮೇತ. ಅದೇ ಮರಗೆಲಸದ ಪಾಠದಲ್ಲಿ ಇನ್ನೊಂದು ತೊಡಕು ಸಿಕ್ಕಿದೆ. ತೋಪಡವನ್ನು (ಮರದ ಮೈ ನಯಮಾಡುವ ಉಪಕರಣ) ಎದುರು ದಿಕ್ಕಿಗೆ ಹೊಡೆದರೆ ಮರದ ಮೈ ಕಿತ್ತುಬರುತ್ತದೆ ಎನ್ನುವಲ್ಲಿ ಕರಡಿನವರು ‘ಮರದ ಕಣಗಳ ದಿಕ್ಕು’ ಎಂದಿದ್ದಾರೆ. ‘ಎಳೆ’ ಎನ್ನೋಣವೇ, ‘ನಾರು’ ಎನ್ನೋಣವೇ? ನಿಮ್ಮ ಕಡೆಯ ಬಡಗಿಗಳು ಏನೆನ್ನುತ್ತಾರೆ?