ಅಪ್‌ಡೇಟ್: ಅಪ್ಪನ ಕೊಲೊನೋಸ್ಕೋಪಿ ಆಯ್ತು

ಹೋದ ತಿಂಗಳು ಕೇಳಿದ್ದೆ: 61 ವರ್ಷದ ಅಪ್ಪನ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಎಫ್‌ಐಟಿ ಪರೀಕ್ಷೆ ಪಾಸಿಟಿವ್ ಬಂದಿದೆ, ಮೂಲವ್ಯಾಧಿ ಹೇಗೂ ಇದೆ, ಅದರದ್ದೇ ಎಂದು ಬಿಟ್ಟುಬಿಡಬಹುದಾ ಅಂತ. ಬಿಡಬೇಡಿ ಎಂದವರಿಗೆಲ್ಲ ಮನಸಾರೆ ಕೈಮುಗಿಯುತ್ತೇನೆ. ಇನ್ನೊಮ್ಮೆ ಎಫ್‌ಐಟಿ ಮಾಡಿಸಿ ನೋಡೋಣವಾ ಎಂದರೆ ಡಾಕ್ಟರು ಒಪ್ಪಲಿಲ್ಲ. ಎರಡನೇ ಸಲ ನೆಗೆಟಿವ್ ಬಂದರೂ ಮೊದಲನೆಯದು ಸುಳ್ಳಾಗುವುದಿಲ್ಲ, ಕೊಲೊನೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ, ದೊಡ್ಡ ಕರುಳಿನ ಒಳಗೆ ನೋಡಲೇಬೇಕು ಎಂದರು.

ನಿಜವಾದ ಕಷ್ಟ ಹಿಂದಿನ ದಿನದ್ದು. ಸೊಪ್ಪು, ಕಾಳು, ರಾಗಿ ಎಲ್ಲ ಎರಡು ದಿನ ಮೊದಲೇ ಬಂದ್. ಆಮೇಲೆ ತಿಳಿಗಂಜಿ ನೀರು, ಎಳನೀರು ಮಾತ್ರ. ಕರುಳು ತೊಳೆಯುವ ಪುಡಿ ಕಲಸಿದ ನೀರನ್ನು ಅರ್ಧ ರಾತ್ರಿ, ಅರ್ಧ ಬೆಳಗಿನ ಜಾವ ಕುಡಿಯಬೇಕಿತ್ತು. ಅಪ್ಪನಿಗೆ ವಾಕರಿಕೆ ಬಂತು. ತಣ್ಣಗೆ ಮಾಡಿ ಸ್ವಲ್ಪ ಸ್ವಲ್ಪವೇ ಕೊಟ್ಟಾಗ ಇಳಿಯಿತು. ಈ ತಯಾರಿ ಸರಿಯಾಗದಿದ್ದರೆ ಸಣ್ಣ ಗಂಟುಗಳು ಕಾಣುವುದೇ ಇಲ್ಲವಂತೆ, ಅದಕ್ಕೇ ಪಟ್ಟು ಹಿಡಿದು ಕುಡಿಸಿದೆ. ಪರೀಕ್ಷೆಗೆ ಅರ್ಧ ಗಂಟೆ, ಮಂಪರಿನಲ್ಲಿ ಅವರಿಗೇನೂ ಗೊತ್ತಾಗಲಿಲ್ಲ.

ಎರಡು ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಸಿಕ್ಕವು, ದೊಡ್ಡದು 8 ಮಿ.ಮೀ. ತಂತಿಯ ಕುಣಿಕೆ ಹಾಕಿ ಅಲ್ಲೇ ತೆಗೆದರು. ಬಯಾಪ್ಸಿ: ಅಡಿನೋಮಾ, ಕ್ಯಾನ್ಸರ್ ಇಲ್ಲ. ಬಿಟ್ಟಿದ್ದರೆ ವರ್ಷಗಳ ನಂತರ ಕ್ಯಾನ್ಸರ್ ಆಗುವ ಸಾಧ್ಯತೆ ಇರುವಂಥವು. ರಿಪೋರ್ಟ್ ಓದಿ ಅಮ್ಮ ಅತ್ತೇಬಿಟ್ಟರು.

5 ವರ್ಷದ ನಂತರ ಮತ್ತೆ ಬರಲು ಹೇಳಿದ್ದಾರೆ. ನನಗೀಗ 38. ಅಪ್ಪನಿಗೆ ಹೀಗಾಗಿರುವುದರಿಂದ ನಾನು ಈ ತಪಾಸಣೆ ಯಾವಾಗ ಶುರು ಮಾಡಬೇಕೆಂದು ಮುಂದಿನ ಭೇಟಿಯಲ್ಲಿ ಕೇಳುತ್ತೇನೆ.